ಬೋನ್ ಮ್ಯಾರೋ ಟೆಸ್ಟ್‌ಗೆ ಅಪ್ಪನನ್ನು ಏನು ಹೇಳಿ ಕರೆದುಕೊಂಡು ಹೋಗಬೇಕು?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಬೆಂಗಳೂರಿನ ವಿಜಯನಗರದವರು. ನಮ್ಮ ತಂದೆಗೆ 64 ವರ್ಷ. ಕೆಲವು ತಿಂಗಳಿಂದ ತುಂಬಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8, ಬಿಳಿ ರಕ್ತಕಣ 2,600, ಪ್ಲೇಟ್ಲೆಟ್ 62,000 ಬಂದಿದೆ. ಬಿ12, ಥೈರಾಯ್ಡ್, ಲಿವರ್ ಎಲ್ಲ ಸರಿಯಾಗಿದೆಯಂತೆ. ಬೋನ್ ಮ್ಯಾರೋ ಬಯಾಪ್ಸಿ ಮಾಡಲೇಬೇಕು ಎಂದು ಮುಂದಿನ ವಾರಕ್ಕೆ ದಿನ ಕೊಟ್ಟಿದ್ದಾರೆ. ಪಕ್ಕದ ಮನೆಯವರು "ಬೆನ್ನುಮೂಳೆಗೆ ದಪ್ಪ ಸೂಜಿ ಹಾಕ್ತಾರೆ, ಕಾಲು ಸ್ವಾಧೀನ ತಪ್ಪಬಹುದು" ಎಂದು ಹೆದರಿಸಿದ್ದಾರೆ. ಅಪ್ಪನಿಗೆ ಶುಗರ್ ಇದೆ. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ದಿನಾ ಎಕೋಸ್ಪ್ರಿನ್ ತೆಗೆದುಕೊಳ್ಳುತ್ತಾರೆ. "ಸುಮ್ನೆ ಸ್ಕ್ಯಾನಿಂಗ್ ಅಂತ ಹೇಳಿ ಕರ್ಕೊಂಡು ಹೋಗೋಣ" ಎನ್ನುತ್ತಾನೆ ನನ್ನ ಅಣ್ಣ. ಹಾಗೆ ಮಾಡಬಹುದಾ? ಎಷ್ಟು ನೋವಾಗುತ್ತೆ? ಈ ಟೆಸ್ಟ್ ಬರೆದರು ಅಂದ್ರೆ ಕ್ಯಾನ್ಸರ್ ಅಂತಾನೇ ಅರ್ಥಾನಾ?

ಉತ್ತರ: ಮೊದಲು ನಿಮ್ಮ ಅಣ್ಣನ ಮಾತನ್ನೇ ತೆಗೆದುಕೊಳ್ಳುತ್ತೇನೆ. ದಯವಿಟ್ಟು ಸ್ಕ್ಯಾನಿಂಗ್ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಅವರು ಅಪ್ಪನ ಮೇಲಿನ ಪ್ರೀತಿಗೇ ಹಾಗೆ ಹೇಳುತ್ತಿದ್ದಾರೆ, ಅದು ಗೊತ್ತಾಗುತ್ತದೆ. ಆದರೆ ಈ ಪರೀಕ್ಷೆಯ ಹೊತ್ತಿಗೆ ನಿಮ್ಮ ತಂದೆ ಎಚ್ಚರವಾಗಿರುತ್ತಾರೆ. ಒಂದು ಪಕ್ಕಕ್ಕೆ ತಿರುಗಿ ಮಲಗಿರುತ್ತಾರೆ. ಹಿಂದೆ ಏನು ನಡೆಯುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ. ಏನೂ ತಿಳಿಯದೆ ಮಲಗಿದವರಿಗೆ ಆಗ ಒಂದೊಂದು ಸಲ ಮುಟ್ಟಿದಾಗಲೂ ಗಾಬರಿ. ಮೈ ಬಿಗಿ ಹಿಡಿಯುತ್ತಾರೆ, ಅಲುಗಾಡುತ್ತಾರೆ. ಬಿಗಿ ಹಿಡಿದಷ್ಟೂ ನೋವು ಜಾಸ್ತಿ. ಅಲ್ಲದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ. ಸಹಿಗೆ ಮುಂಚೆ ಡಾಕ್ಟರು ಎಲ್ಲ ವಿವರಿಸುತ್ತಾರೆ. ಮನೆಯವರು ಸುಳ್ಳು ಹೇಳಿದ್ದು ಅಲ್ಲಿ, ಆ ಹೊತ್ತಿನಲ್ಲಿ ಗೊತ್ತಾದರೆ ಅವರ ಮನಸ್ಸಿಗೆ ಹೇಗಾಗಬೇಡ?

"ಏನೂ ನೋವಾಗಲ್ಲ ಅಪ್ಪಾ" ಎಂದೂ ಹೇಳಬೇಡಿ. ನೋವಾಗುತ್ತದೆ. ಆದರೆ ಅದು ಯಾವಾಗ ಬರುತ್ತದೆ, ಎಷ್ಟು ಸೆಕೆಂಡು ಇರುತ್ತದೆ, ಯಾವ ತರಹದ ನೋವು ಎನ್ನುವುದನ್ನು ಮೊದಲೇ ಹೇಳಲು ಬರುತ್ತದೆ. ಇದನ್ನು ತಿಳಿದು ಬಂದವರು ಆ ಕೆಲವು ಸೆಕೆಂಡುಗಳನ್ನು ತಡೆದುಕೊಳ್ಳುತ್ತಾರೆ. ನೋವೇ ಇಲ್ಲ ಎಂದು ನಂಬಿ ಬಂದವರು ಮೊದಲ ಚುಚ್ಚಿಗೇ ನಂಬಿಕೆ ಕಳೆದುಕೊಳ್ಳುತ್ತಾರೆ. ಅದಕ್ಕಾಗಿಯೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಸಾಧ್ಯವಾದರೆ ಇದನ್ನು ಅಪ್ಪನ ಪಕ್ಕ ಕೂತು ಓದಿ ಹೇಳಿ.

ಪಕ್ಕದ ಮನೆಯವರ ಮಾತು. ಅವರು ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಒಂದು ಮಾಡಿಕೊಂಡಿದ್ದಾರೆ. ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಹಾಕಿ ನೀರು ತೆಗೆಯುವುದು ಬೇರೆಯೇ ಪರೀಕ್ಷೆ. ಮೆದುಳು ಜ್ವರದಂಥ ಕಾಯಿಲೆಗೆ ಅದನ್ನು ಮಾಡುತ್ತಾರೆ. ಸಿಸೇರಿಯನ್ ಹೊತ್ತಿನಲ್ಲಿ ಬೆನ್ನಿಗೆ ಕೊಡುವ ಇಂಜೆಕ್ಷನ್ನೂ ಅದೇ ಜಾಗಕ್ಕೆ. ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆ, ತೆಗೆಯುವುದು ಸೊಂಟದ ಮೂಳೆಯಿಂದ. ನಿಮ್ಮ ಎರಡೂ ಕೈ ಸೊಂಟದ ಮೇಲಿಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿ. ಬೆನ್ನಿನ ನಡುಗೆರೆಯಿಂದ ಒಂದೆರಡು ಅಂಗುಲ ಪಕ್ಕಕ್ಕೆ, ಕೆಳಗಡೆ, ಗಟ್ಟಿಯಾದ ಉಬ್ಬು ಕೈಗೆ ಸಿಗುತ್ತದೆ. ತುಂಬಾ ಜನರಿಗೆ ಅಲ್ಲಿ ಚರ್ಮದ ಮೇಲೆ ಸಣ್ಣ ಗುಳಿ ಇರುತ್ತದೆ. ಅದೇ ಜಾಗ. ಅಲ್ಲಿ ಮೂಳೆ ಚರ್ಮಕ್ಕೆ ಹತ್ತಿರ, ಒಳಗೆ ಮಜ್ಜೆ ಧಾರಾಳ. ನರದ ಹುರಿ ಅದಕ್ಕಿಂತ ತುಂಬಾ ಮೇಲೆಯೇ, ಪಕ್ಕೆಲುಬು ಮುಗಿಯುವ ಹತ್ತಿರದಲ್ಲೇ ನಿಂತುಹೋಗಿರುತ್ತದೆ. ಹಾಗಾಗಿ ಈ ಸೂಜಿ ಅದನ್ನು ಮುಟ್ಟುವ ಮಾತೇ ಇಲ್ಲ.

ಮಜ್ಜೆ ತೆಗೆದರೆ ಮೈಯ ಶಕ್ತಿ ಹೋಗುತ್ತದೆ ಎಂಬ ಮಾತೂ ಕಿವಿಗೆ ಬೀಳಬಹುದು. ದೊಡ್ಡವರ ಮೈಯಲ್ಲಿ ಒಂದೂವರೆಯಿಂದ ಎರಡೂವರೆ ಕಿಲೋದಷ್ಟು ಮಜ್ಜೆ ಇರುತ್ತದೆ. ತೆಗೆಯುವುದು ಒಂದೆರಡು ಚಮಚದಷ್ಟು, ಜೊತೆಗೆ ಮೂಳೆಯ ಒಂದು ಪುಟ್ಟ ಎಳೆ. ಮಜ್ಜೆ ಮತ್ತೆ ತುಂಬಿಕೊಳ್ಳುತ್ತದೆ. ಸೂಜಿ ಹಾಕಿದರೆ ಕಾಯಿಲೆ ಹರಡುತ್ತದೆ ಎನ್ನುವುದೂ ಸುಳ್ಳು.

ಅಪಾಯ ಏನೂ ಇಲ್ಲವಾ? ಇದೆ, ಆದರೆ ತೀರಾ ಅಪರೂಪ. ಬ್ರಿಟನ್ನಿನಲ್ಲಿ 1995ರಿಂದ 2001ರವರೆಗೆ ನಡೆದ ಸುಮಾರು 55 ಸಾವಿರ ಇಂಥ ಪರೀಕ್ಷೆಗಳ ಲೆಕ್ಕ ತೆಗೆದಿದ್ದರು. ಗಂಭೀರ ತೊಂದರೆ ಆಗಿದ್ದು 26 ಜನರಿಗೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತಸ್ರಾವದ್ದು. ನಾವು ಜಾಸ್ತಿ ಎಚ್ಚರ ವಹಿಸುವುದೂ ಅದಕ್ಕೇ. ನಿಮ್ಮ ತಂದೆಯ ವಿಷಯದಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ಮುಖ್ಯ ಮಾತಿದೆ, ಎಕೋಸ್ಪ್ರಿನ್. ಅದಕ್ಕೆ ಆಮೇಲೆ ಬರುತ್ತೇನೆ.

ಕ್ಯಾನ್ಸರಾ ಎಂಬ ಪ್ರಶ್ನೆ. ನಿಮ್ಮ ಮನೆಯಲ್ಲಿ ಎಲ್ಲರ ಎದೆ ಧಸಕ್ಕೆಂದಿರುವುದು ಇದಕ್ಕೇ ಅಲ್ವಾ? ಕೆಂಪು ಕಣ, ಬಿಳಿ ಕಣ, ಪ್ಲೇಟ್ಲೆಟ್ ಮೂರೂ ಹುಟ್ಟುವುದು ಮಜ್ಜೆಯಲ್ಲಿ. ಮೂರೂ ಒಟ್ಟಿಗೆ ಕಡಿಮೆಯಾದರೆ ಎರಡೇ ದಾರಿ. ಒಂದೋ ಮಜ್ಜೆಯಲ್ಲಿ ಸರಿಯಾಗಿ ತಯಾರಾಗುತ್ತಿಲ್ಲ, ಇಲ್ಲವೇ ತಯಾರಾದದ್ದು ಹೊರಗೆ ಬಂದು ಹಾಳಾಗುತ್ತಿದೆ. ಯಾವುದು ಎಂದು ಕೈಯಿಂದ ತೆಗೆದ ರಕ್ತ ಪೂರ್ತಿ ಹೇಳುವುದಿಲ್ಲ. ನಮ್ಮ ಕಡೆ ಮೂರೂ ಕಡಿಮೆಯಾಗಿ ಬರುವವರಲ್ಲಿ ಬಿ12 ಕೊರತೆ ತುಂಬಾ ಸಾಮಾನ್ಯ. ಹಾಲು, ಮೊಸರು ಕೂಡ ಅಷ್ಟಕ್ಕಷ್ಟೇ ತಿನ್ನುವ ಸಸ್ಯಾಹಾರಿಗಳಲ್ಲಿ ಇನ್ನೂ ಜಾಸ್ತಿ. ಅದಕ್ಕೇ ನಿಮ್ಮ ಡಾಕ್ಟರು ಮೊದಲು ಬಿ12 ನೋಡಿದ್ದಾರೆ. ಅದು ಸರಿಯಿದೆ ಎಂದ ಮೇಲೆ ಮಜ್ಜೆ ನೋಡೋಣ ಎಂದಿದ್ದಾರೆ. ಕ್ರಮ ಸರಿಯಾಗಿದೆ.

ಮಜ್ಜೆಯಲ್ಲಿ ಏನು ಸಿಗಬಹುದು? ರಕ್ತದ ಕ್ಯಾನ್ಸರ್ ಸಿಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಮಜ್ಜೆ ಒಣಗಿದಂತಾಗಿ ಕಣಗಳೇ ಹುಟ್ಟದಿರುವ ಅಪ್ಲಾಸ್ಟಿಕ್ ಅನೀಮಿಯಾ ಸಿಗಬಹುದು. ವಯಸ್ಸಾದವರಲ್ಲಿ ಎಂಡಿಎಸ್ ಎಂಬ ಕಾಯಿಲೆ ಬರುತ್ತದೆ. ಅದರಲ್ಲಿ ಮಜ್ಜೆ ಕೆಲಸ ಮಾಡುತ್ತಿರುತ್ತದೆ, ಆದರೆ ತಯಾರಾಗುವ ಕಣಗಳು ಸೊಟ್ಟ, ಹೊರಗೆ ಬರುವ ಮುಂಚೆಯೇ ಸಾಯುತ್ತವೆ. ಎಂಡಿಎಸ್‌ನಲ್ಲೇ ಸೌಮ್ಯವಾದದ್ದಿದೆ, ತೀವ್ರವಾದದ್ದಿದೆ. ಟಿಬಿಯಂಥ ಸೋಂಕು ಮಜ್ಜೆಯಲ್ಲಿ ಕೂತಿರಬಹುದು. ಕೆಲವು ಮಾತ್ರೆಗಳ ಅಡ್ಡಪರಿಣಾಮ ಇರಬಹುದು. ರಕ್ತದಲ್ಲಿ ಬಿ12 ಸರಿ ಎಂದು ಬಂದಿದ್ದರೂ ಮಜ್ಜೆಯಲ್ಲಿ ಅದರ ಕೊರತೆಯ ಚಿತ್ರವೇ ಕಾಣುವುದೂ ಇದೆ. ಇದರಲ್ಲಿ ಯಾವುದು ಎಂದು ಒಂದು ಕಾಗದದ ಅಂಕಿ ನೋಡಿ ನಾನು ಹೇಳುವುದು ತಪ್ಪು. ಯಾರಾದರೂ ಹೇಳಿದರೂ ನಂಬಬೇಡಿ. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ. ಹೆಸರು ಗೊತ್ತಾಗದೆ ಚಿಕಿತ್ಸೆ ಶುರು ಮಾಡಲು ಬರುವುದಿಲ್ಲ. ಟೆಸ್ಟ್ ಬರೆದಿರುವುದು ಅಷ್ಟಕ್ಕೇ.

ಈ ಒಂದು ವಾರದಲ್ಲಿ ಏನು ಮಾಡಬಾರದು ಎನ್ನುವುದು ಇಲ್ಲಿ ತುಂಬಾ ಮುಖ್ಯ. ಯಾರೋ ಹೇಳಿದರೆಂದು ಬಿ12 ಇಂಜೆಕ್ಷನ್ ಹಾಕಿಸಬೇಡಿ. ಕೊರತೆಯೇ ಕಾರಣವಾಗಿದ್ದರೆ ಇಂಜೆಕ್ಷನ್ ಬಿದ್ದ ಒಂದೆರಡು ದಿನದಲ್ಲೇ ಮಜ್ಜೆಯ ಚಿತ್ರ ಬದಲಾಗುತ್ತದೆ. ಆಮೇಲೆ ನಾವು ನೋಡುವಾಗ ಸುಳಿವು ಅಳಿಸಿಹೋಗಿರುತ್ತದೆ. ಸ್ಟಿರಾಯ್ಡ್ ಇದಕ್ಕಿಂತ ಅಪಾಯ. ಪ್ಲೇಟ್ಲೆಟ್ ಕಡಿಮೆ ಎಂದು ನೋಡಿ ಕೆಲವು ಕಡೆ ಸ್ಟಿರಾಯ್ಡ್ ಮಾತ್ರೆ ಬರೆದುಬಿಡುತ್ತಾರೆ. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳು ಸ್ಟಿರಾಯ್ಡ್ ಬಿದ್ದ ಕೂಡಲೇ ತಾತ್ಕಾಲಿಕವಾಗಿ ಕರಗುತ್ತವೆ, ಪರೀಕ್ಷೆಯಲ್ಲಿ ಕಾಣದೇ ತಪ್ಪಿಸಿಕೊಳ್ಳುತ್ತವೆ. ತಿಂಗಳುಗಳು ಹಾಳಾಗುತ್ತವೆ. ಯಾವ ಡಾಕ್ಟರು ಯಾವುದೇ ಹೊಸ ಮಾತ್ರೆ ಕೊಟ್ಟರೂ "ಮುಂದಿನ ವಾರ ಬೋನ್ ಮ್ಯಾರೋ ಇದೆ" ಎಂದು ಹೇಳಿ. ಪಪ್ಪಾಯಿ ಎಲೆಯ ರಸದ ಮಾತಂತೂ ಬೆಂಗಳೂರಿನಲ್ಲಿ ಬಂದೇ ಬರುತ್ತದೆ. ಡೆಂಗಿ ಬಂದಾಗ ಕುಡಿಸಿದ ನೆನಪಿಗೆ ಈಗಲೂ ಕುಡಿಸುತ್ತಾರೆ. ಮೂರೂ ಕಣ ಕಡಿಮೆಯಾದ ಈ ತೊಂದರೆಗೆ ಅದು ಮದ್ದಲ್ಲ. ನಾಟಿ ಔಷಧಿ, ಭಸ್ಮ, ಶಕ್ತಿಪುಡಿ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಆ ಡಬ್ಬಿಯನ್ನೇ ತಂದು ತೋರಿಸಿ. ಯಾವ ಡಾಕ್ಟರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ, ತೋರಿಸಿ.

ಈಗ ಎಕೋಸ್ಪ್ರಿನ್. ಇದು ಪ್ಲೇಟ್ಲೆಟ್‌ನ ಕೆಲಸವನ್ನು ತಗ್ಗಿಸುವ ಮಾತ್ರೆ. ನಿಮ್ಮ ತಂದೆಗೆ ಪ್ಲೇಟ್ಲೆಟ್ ಮೊದಲೇ ಕಡಿಮೆ. ಎರಡೂ ಸೇರಿದರೆ ರಕ್ತ ನಿಲ್ಲುವುದು ತಡವಾಗಬಹುದು. ಹಾಗೆಂದು ನೀವೇ ಮಾತ್ರೆ ನಿಲ್ಲಿಸಿಬಿಡಬೇಡಿ. ಸ್ಟೆಂಟ್ ಇರುವವರು ಹಾಗೆ ನಿಲ್ಲಿಸಿದರೆ ಅದರೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಇವತ್ತೇ ಎರಡು ಫೋನ್ ಮಾಡಿ. ಒಂದು ಟೆಸ್ಟ್ ಮಾಡುವ ಡಾಕ್ಟರಿಗೆ, ಇನ್ನೊಂದು ಹೃದಯದ ಡಾಕ್ಟರಿಗೆ. ನಿಲ್ಲಿಸಬೇಕೇ, ಎಷ್ಟು ದಿನ, ಮತ್ತೆ ಯಾವಾಗ ಶುರು ಎಂದು ಇಬ್ಬರೂ ಸೇರಿ ತೀರ್ಮಾನಿಸಲಿ. ಎಕೋಸ್ಪ್ರಿನ್ ಇದ್ದಾಗಲೇ ಟೆಸ್ಟ್ ಮಾಡಿ ಆಮೇಲೆ ಜಾಸ್ತಿ ಹೊತ್ತು ಒತ್ತಿ ಹಿಡಿಯುವುದೂ ಒಂದು ದಾರಿ. ಮಾತ್ರೆಯ ಹೆಸರಿನಲ್ಲಿ ಕ್ಲೋಪಿಡೋಗ್ರೆಲ್ ಕೂಡ ಸೇರಿದೆಯಾ ನೋಡಿ, ಅದೂ ಪ್ಲೇಟ್ಲೆಟ್‌ನ ಕೆಲಸ ತಗ್ಗಿಸುವ ಔಷಧಿಯೇ. ಎರಡೂ ಸೇರಿದ ಕ್ಯಾಪ್ಸೂಲ್‌ಗಳು ಬಳಕೆಯಲ್ಲಿವೆ. ಪ್ಲೇಟ್ಲೆಟ್ 62,000 ಇರುವುದೇ ಅಡ್ಡಿಯಾ ಎಂದು ಕೇಳಬಹುದು. ಅಲ್ಲ. 20,000ಕ್ಕಿಂತ ಕಡಿಮೆ ಇರುವವರಿಗೂ ಈ ಪರೀಕ್ಷೆ ಮಾಡುತ್ತೇವೆ. ಗಾಯದ ಮೇಲೆ ಒತ್ತಡ ಸರಿಯಾಗಿ ಇಡಬೇಕು, ಅಷ್ಟೇ. ಹಿಮೋಫಿಲಿಯಾದಂಥ ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರಲ್ಲಿ ಮಾತ್ರ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಖಾಲಿ ಹೊಟ್ಟೆ ಬೇಕಾ? ಜಾಗ ಮರಗಟ್ಟಿಸಿ ಮಾತ್ರ ಮಾಡುವುದಾದರೆ ಬೇಡ. ನಿಮ್ಮ ತಂದೆಗೆ ಶುಗರ್ ಇದೆ, ಬೆಳಗ್ಗೆ ಮಾತ್ರೆ ನುಂಗಿ ತಿಂಡಿ ಬಿಟ್ಟರೆ ಶುಗರ್ ಇಳಿದು ತಲೆ ಸುತ್ತುತ್ತದೆ. ಎರಡು ಇಡ್ಲಿ ತಿಂದು ಬರಲಿ. ನಿದ್ದೆಯ ಇಂಜೆಕ್ಷನ್ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರೆ ಮಾತ್ರ ಸುಮಾರು 6 ಗಂಟೆ ಏನೂ ತಿನ್ನಬಾರದು. ಆಗ ಶುಗರ್ ಮಾತ್ರೆ ಏನು ಮಾಡಬೇಕೆಂದು ಅವರನ್ನೇ ಕೇಳಿ. ಮಕ್ಕಳಿಗೆ ಸಾಮಾನ್ಯವಾಗಿ ನಿದ್ದೆ ಬರಿಸಿಯೇ ಮಾಡುತ್ತೇವೆ. ದೊಡ್ಡವರಲ್ಲಿ, ಅದೂ ಹಿಮೋಗ್ಲೋಬಿನ್ 7.8 ಇದ್ದು ಹೃದಯದ ತೊಂದರೆಯೂ ಇರುವವರಲ್ಲಿ, ನನಗೆ ಎಚ್ಚರವಾಗಿಟ್ಟು ಮಾಡುವುದೇ ಇಷ್ಟ. ತುಂಬಾ ಭಯಪಡುವವರಾದರೆ ನಿದ್ದೆಯ ಔಷಧಿ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಉಸಿರು, ನಾಡಿ ಗಮನಿಸಲು ಬೇರೆ ಒಬ್ಬರು ಅಲ್ಲಿ ನಿಂತಿರಬೇಕು.

ಹಿಂದೆ ಹಲ್ಲು ಕೀಳಿಸುವಾಗ ಅಥವಾ ಹೊಲಿಗೆ ಹಾಕುವಾಗ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್‌ನಿಂದ ತೊಂದರೆ ಆಗಿತ್ತಾ ಎಂದು ನೆನಪು ಮಾಡಿಕೊಳ್ಳಿ. ಆಗಿದ್ದರೆ ಹೇಳಿ. ಅಂದು ಸಡಿಲವಾದ ಪೈಜಾಮ ಅಥವಾ ಪಂಚೆ ಒಳ್ಳೆಯದು. ಬಿಗಿ ಪ್ಯಾಂಟು, ಬೆಲ್ಟು ಆಮೇಲೆ ಗಾಯದ ಮೇಲೇ ಬಂದು ಕೂರುತ್ತದೆ.

ಇನ್ನು ಟೆಸ್ಟ್. ಇದನ್ನು ಅಪ್ಪನಿಗೆ ನಿಧಾನವಾಗಿ ಓದಿ.

ಒಂದು ಪಕ್ಕಕ್ಕೆ ಮಲಗಿಸಿ ಮಂಡಿಗಳನ್ನು ಹೊಟ್ಟೆಯ ಕಡೆಗೆ ಮಡಚಲು ಹೇಳುತ್ತಾರೆ. ಕೆಲವು ಕಡೆ ಬೋರಲು ಮಲಗಿಸುತ್ತಾರೆ. ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ಮೂಳೆಯ ಉಬ್ಬು ಹುಡುಕುತ್ತಾರೆ. ಆಮೇಲೆ ತಣ್ಣಗಿನ ಔಷಧಿ ಸವರುತ್ತಾರೆ. ಬೆಟಾಡಿನ್ ಆದರೆ ಕಂದು ಬಣ್ಣ, ಮನೆಗೆ ಬಂದ ಮೇಲೆ ಬಟ್ಟೆಗೆ ಅಂಟಿದ್ದು ನೋಡಿ ರಕ್ತ ಎಂದು ಹೌಹಾರಬೇಡಿ. ನಡುವೆ ತೂತಿರುವ ಬಟ್ಟೆ ಹೊದಿಸುತ್ತಾರೆ.

ಮೊದಲ ನೋವು ಮರಗಟ್ಟಿಸುವ ಇಂಜೆಕ್ಷನ್‌ನದು. ಹೆಸರು ಲಿಗ್ನೋಕೇನ್. ಚರ್ಮದ ಕೆಳಗೆ ಹೋಗುವಾಗ ಉರಿಯುತ್ತದೆ, ಹತ್ತು ಇಪ್ಪತ್ತು ಸೆಕೆಂಡು. ಅದೇ ಸೂಜಿ ಆಳಕ್ಕೆ ಹೋಗಿ ಮೂಳೆಯ ಮೇಲಿನ ಪೊರೆಗೂ ಔಷಧಿ ಬಿಡುತ್ತದೆ. ಆ ಪೊರೆಯಲ್ಲಿ ನೋವಿನ ನರಗಳು ತುಂಬಾ ಇವೆ, ಹಾಗಾಗಿ ಅಲ್ಲಿ ಇನ್ನೊಂದು ಸಲ ಚುಳ್ ಎನ್ನುತ್ತದೆ. ಆಮೇಲೆ ಎರಡು ಮೂರು ನಿಮಿಷ ಕಾಯಬೇಕು. ಈ ಕಾಯುವುದನ್ನು ಅವಸರದಲ್ಲಿ ಬಿಡಬಾರದು. ಡಾಕ್ಟರು ಸೂಜಿಯ ತುದಿ ತಾಗಿಸಿ "ಚೂಪಾಗಿ ಗೊತ್ತಾಗ್ತಿದೆಯಾ, ಒತ್ತಿದ ಹಾಗೆ ಗೊತ್ತಾಗ್ತಿದೆಯಾ?" ಎಂದು ಕೇಳುತ್ತಾರೆ. ಕೇಳದಿದ್ದರೆ ಅಪ್ಪನೇ ಹೇಳಲಿ. ಚೂಪು ಗೊತ್ತಾದರೆ ಇನ್ನೂ ಸ್ವಲ್ಪ ಔಷಧಿ ಬೇಕು ಎಂದರ್ಥ. ಒತ್ತಿದ ಹಾಗೆ ಮಾತ್ರ ಗೊತ್ತಾದರೆ ಮುಂದುವರಿಯಬಹುದು. ಧೈರ್ಯಸ್ಥರು ಎನಿಸಿಕೊಳ್ಳಲು ಹಲ್ಲು ಕಚ್ಚಿ ಸುಮ್ಮನಿರುವುದು ಬೇಡ. ನಮ್ಮ ಹಿರಿಯರಲ್ಲಿ, ಅದರಲ್ಲೂ ಗಂಡಸರಲ್ಲಿ ಈ ಅಭ್ಯಾಸ ಜಾಸ್ತಿ.

ಚರ್ಮದ ಮೇಲೆ ಒಂದೆರಡು ಮಿಲಿಮೀಟರ್ ಗೀರು ಹಾಕಿ ಸೂಜಿ ಇಳಿಸುತ್ತಾರೆ. ಈಗ ನೋವಿಗಿಂತ ಒತ್ತಡ ಜಾಸ್ತಿ. ಡಾಕ್ಟರು ಮೈಯ ಭಾರ ಬಿಟ್ಟು ಒತ್ತುತ್ತಾರೆ, ಸೂಜಿಯನ್ನು ಬಲಕ್ಕೆ ಎಡಕ್ಕೆ ತಿರುಗಿಸುತ್ತಾರೆ. ಇಡೀ ಸೊಂಟವನ್ನೇ ಯಾರೋ ತಳ್ಳುತ್ತಿದ್ದಾರೆ ಎನ್ನಿಸುತ್ತದೆ. ಮೂಳೆ ಗಟ್ಟಿ ಇರುವುದರಿಂದ ಅಷ್ಟು ಬಲ ಬೇಕೇ ಬೇಕು, ಏನೋ ತಪ್ಪಾಗಿದೆ ಎಂದಲ್ಲ. ಹೊರಗೋಡೆ ದಾಟಿದಾಗ ಒಮ್ಮೆಲೇ ಸಡಿಲವಾದಂತೆ ಅಪ್ಪನಿಗೂ ಗೊತ್ತಾಗಬಹುದು.

ಎರಡನೆಯ ನೋವು ಇಲ್ಲಿ ಬರುತ್ತದೆ. ಎಲ್ಲರೂ ಹೇಳುವ ನೋವು ಇದೇ. ಸೂಜಿಗೆ ಸಿರಿಂಜ್ ಹಚ್ಚಿ ಮಜ್ಜೆಯ ದ್ರವವನ್ನು ಜೋರಾಗಿ ಎಳೆಯುತ್ತಾರೆ. ಮೂಳೆಯ ಒಳಭಾಗಕ್ಕೆ ಮರಗಟ್ಟಿಸುವ ಔಷಧಿ ತಲುಪುವುದಿಲ್ಲ. ಎಳೆದ ಆ ಕ್ಷಣ ಸೊಂಟದ ಆಳದಿಂದ ಏನೋ ಜಗ್ಗಿದಂಥ ನೋವು. ಕೆಲವರಿಗೆ ಅದು ತೊಡೆಯ ಹಿಂದೆ ಮಂಡಿಯವರೆಗೂ ಹರಿಯುತ್ತದೆ. ಕಾಲಿಗೆ ಬಂತು ಎಂದರೆ ನರಕ್ಕೆ ಏಟಾಯಿತು ಎಂದಲ್ಲ. ಐದರಿಂದ ಹತ್ತು ಸೆಕೆಂಡು. ಎಳೆಯುವುದು ನಿಂತ ಕೂಡಲೇ ನೋವೂ ನಿಲ್ಲುತ್ತದೆ. ಕೆಲವರಿಗೆ ಇದು ತೀರಾ ಕಡಿಮೆ, ಕೆಲವರು ಕೂಗಿಬಿಡುತ್ತಾರೆ. ಕೂಗಿದರೆ ತಪ್ಪೇನಿಲ್ಲ, ಅಲುಗದಿದ್ದರೆ ಸಾಕು. ನಾನು ಎಳೆಯುವ ಮೊದಲು ಹೇಳಿಯೇ ಎಳೆಯುತ್ತೇನೆ. ನಿಮ್ಮ ತಂದೆ ಕೂಡ "ಎಳೆಯೋ ಮುಂಚೆ ಹೇಳಿ ಡಾಕ್ಟರೇ" ಎಂದು ಕೇಳಿಕೊಳ್ಳಲಿ. ಹೇಳಿದಾಗ ಬಾಯಿಂದ ಉದ್ದಕ್ಕೆ ಉಸಿರು ಬಿಡಲಿ. ಉಸಿರು ಕಟ್ಟಿ ಹಿಡಿದರೆ ಮೈ ಬಿಗಿಯುತ್ತದೆ.

ಒಂದೇ ಸಲ ಎಳೆದು ಮುಗಿಯುವುದಿಲ್ಲ, ಇದನ್ನೂ ಮೊದಲೇ ಹೇಳಿಡಿ. ಮೊದಲ ಸಿರಿಂಜಿನಲ್ಲಿ ಅರ್ಧ ಎಂಎಲ್‌ಗೂ ಕಡಿಮೆ ತೆಗೆದು ಗಾಜಿನ ಸ್ಲೈಡ್ ಮಾಡುತ್ತಾರೆ. ಜಾಸ್ತಿ ಎಳೆದರೆ ರಕ್ತ ಬೆರೆತು ಸ್ಲೈಡ್ ತೆಳುವಾಗುತ್ತದೆ. ಫ್ಲೋ ಸೈಟೊಮೆಟ್ರಿ (ಕಣಗಳ ಬಗೆ ಗುರುತಿಸುವ ಪರೀಕ್ಷೆ), ಕ್ರೋಮೋಸೋಮ್ ಪರೀಕ್ಷೆ ಇದ್ದರೆ ಅವಕ್ಕೆ ಬೇರೆ ಸಿರಿಂಜಿನಲ್ಲಿ ಇನ್ನೂ ಒಂದೆರಡು ಸಲ ಎಳೆಯಬೇಕು. ಅಷ್ಟು ಸಲವೂ ಅದೇ ಕೆಲವು ಸೆಕೆಂಡಿನ ನೋವು. ಎಷ್ಟು ಸಲ ಎಳೆಯುತ್ತಾರೆ ಎಂದು ಮೊದಲೇ ಕೇಳಿಕೊಂಡರೆ ಎಣಿಸುತ್ತಾ ಮಲಗಬಹುದು.

ಆಗ ಪಕ್ಕದಲ್ಲಿ ಲ್ಯಾಬಿನವರು ಬಗ್ಗಿ ಸ್ಲೈಡ್ ನೋಡುತ್ತಾ "ಪಾರ್ಟಿಕಲ್ ಬಂದಿದೆ" ಎನ್ನುತ್ತಾರೆ. ಹನಿಯನ್ನು ಓರೆ ಮಾಡಿದಾಗ ರಕ್ತ ಕೆಳಗೆ ಜಾರಿ, ಮಜ್ಜೆಯ ಸಣ್ಣ ಸಣ್ಣ ಕಣಗಳು ಜಿಡ್ಡಿನ ಹೊಳಪಿನಿಂದ ಗಾಜಿನ ಮೇಲೆ ನಿಲ್ಲುತ್ತವೆ. ಅವು ಬಂದರೆ ಮಾದರಿ ಚೆನ್ನಾಗಿದೆ ಎಂದರ್ಥ. ಕೆಲವು ಸಲ ಎಷ್ಟು ಎಳೆದರೂ ಏನೂ ಬರುವುದಿಲ್ಲ. ಅದಕ್ಕೆ ಡ್ರೈ ಟ್ಯಾಪ್ ಎನ್ನುತ್ತಾರೆ. ಡಾಕ್ಟರಿಗೆ ಕೈ ತಿರುಗಿಲ್ಲ ಎಂದುಕೊಳ್ಳಬೇಡಿ. ಮಜ್ಜೆಯಲ್ಲಿ ನಾರು ಕಟ್ಟಿದ್ದರೆ ಅಥವಾ ಕಣಗಳು ಕಿಕ್ಕಿರಿದಿದ್ದರೆ ಹಾಗಾಗುತ್ತದೆ, ಅದೇ ನಮಗೆ ಒಂದು ಸುಳಿವು.

ಕೊನೆಯದು ಬಯಾಪ್ಸಿ. ಅದೇ ಗಾಯದಲ್ಲಿ, ಸ್ವಲ್ಪ ಪಕ್ಕದ ಜಾಗಕ್ಕೆ ಟೊಳ್ಳು ಸೂಜಿ ಇಳಿಸಿ ಮೂಳೆಯ ಎಳೆಯನ್ನು ಕತ್ತರಿಸಿ ತೆಗೆಯುತ್ತಾರೆ. ಮತ್ತೆ ಒತ್ತಡ, ತಿರುಗಿಸುವುದು, ಮಂದವಾದ ನೋವು. ಹೊರಗೆ ಬಂದದ್ದನ್ನು ನೋಡಿದರೆ ಶಾವಿಗೆಯ ತುಂಡಿನ ಹಾಗಿರುತ್ತದೆ. ಎರಡು ಮಿಲಿಮೀಟರ್ ದಪ್ಪ, ಒಂದೂವರೆ ಎರಡು ಸೆಂಟಿಮೀಟರ್ ಉದ್ದ. ಚಿಕ್ಕದಾದರೆ ಓದಲು ಸಾಲದು, ಇನ್ನೊಂದು ಸಲ ತೆಗೆಯಬೇಕಾಗುತ್ತದೆ. ಆಗ ಬೇಡ ಎನ್ನಬೇಡಿ. ಅರೆಬರೆ ಮಾದರಿಗೆ ಅರೆಬರೆ ರಿಪೋರ್ಟ್ ಬಂದು ಇಡೀ ಟೆಸ್ಟ್ ಮತ್ತೆ ಮಾಡಿಸುವುದಕ್ಕಿಂತ ಜಾಗ ಮರಗಟ್ಟಿರುವಾಗಲೇ ಮುಗಿಸುವುದು ಎಷ್ಟೋ ವಾಸಿ. ಈ ಸೂಜಿಗೆ ಜಂಶೀದಿ ಸೂಜಿ ಎನ್ನುತ್ತಾರೆ. ಇರಾನ್ ಮೂಲದ ವೈದ್ಯ ಖೋಸ್ರೋ ಜಂಶೀದಿ 1971ರಲ್ಲಿ ಇದನ್ನು ಬಳಕೆಗೆ ತಂದರು. ತುದಿ ಕಿರಿದಾಗುತ್ತಾ ಹೋಗುವುದರಿಂದ ಒಳಗೆ ಹೊಕ್ಕ ಎಳೆ ಜಜ್ಜಿಹೋಗುವುದಿಲ್ಲ.

ಸೂಜಿಯ ಕೆಲಸ ಹತ್ತು ಹದಿನೈದು ನಿಮಿಷ. ತಯಾರಿ ಎಲ್ಲ ಸೇರಿ ಅರ್ಧ ಗಂಟೆ ಎಂದುಕೊಳ್ಳಿ. ಮನೆಯವರನ್ನು ಒಳಗೆ ಬಿಡುತ್ತಾರಾ ಎಂದು ಕೇಳಿ. ಬಿಟ್ಟರೆ ನೀವು ಅವರ ಮುಖದ ಕಡೆ ಕೂರಿ, ಕೈ ಹಿಡಿದುಕೊಳ್ಳಿ, ಮಾತಾಡಿಸಿ. ಸೂಜಿಯ ಕಡೆ ನೋಡಬೇಡಿ. ಜೊತೆಗೆ ಬಂದವರೇ ತಲೆಸುತ್ತಿ ಬೀಳುವುದುಂಟು.

ಮುಗಿದ ಮೇಲೆ ಐದು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು ಪಟ್ಟಿ ಹಾಕುತ್ತಾರೆ. ಹೊಲಿಗೆ ಇರುವುದಿಲ್ಲ. ನಂತರ ಅಂಗಾತ ಮಲಗಬೇಕು, ಮೈಯ ಭಾರವೇ ಗಾಯವನ್ನು ಒತ್ತುತ್ತದೆ. ನಿಮ್ಮ ತಂದೆಗೆ ಪ್ಲೇಟ್ಲೆಟ್ ಕಡಿಮೆ, ಎಕೋಸ್ಪ್ರಿನ್ ಬೇರೆ. ಹಾಗಾಗಿ ಒಂದು ಗಂಟೆಯಾದರೂ ಮಲಗಿರಲಿ. ಹೊರಡುವ ಮುಂಚೆ ಪಟ್ಟಿ ಒದ್ದೆಯಾಗಿದೆಯಾ ಎಂದು ನರ್ಸ್ ಕೈಯಲ್ಲಿ ಒಮ್ಮೆ ನೋಡಿಸಿ. ಅಂದೇ ಮನೆಗೆ ಬರಬಹುದು. ಸ್ಕೂಟರ್ ಹಿಂದೆ ಕೂರಿಸಿಕೊಂಡು ಬರಬೇಡಿ, ನಮ್ಮ ರಸ್ತೆಯ ಗುಂಡಿಗಳಿಗೆ ಗಾಯ ಕುಲುಕುತ್ತದೆ. ಕಾರು ಮಾಡಿಕೊಳ್ಳಿ. ಮೆಟ್ರೋ ಆದರೂ ಸರಿ, ಸೀಟು ಸಿಗುವ ಹೊತ್ತಿನಲ್ಲಿ ಬನ್ನಿ.

24 ಗಂಟೆ ಪಟ್ಟಿ ಒದ್ದೆಯಾಗಬಾರದು. ಸ್ನಾನ ಮರುದಿನ. ಎರಡು ದಿನ ಭಾರ ಎತ್ತುವುದು, ಬಗ್ಗಿ ಮಾಡುವ ಕೆಲಸ ಬೇಡ. ಔಷಧಿಯ ಪ್ರಭಾವ ಇಳಿದ ಮೇಲೆ ಬಿದ್ದು ಪೆಟ್ಟಾದಂಥ ಮಂದ ನೋವು ಎರಡು ಮೂರು ದಿನ ಇರುತ್ತದೆ. ಡೋಲೋ ಅಥವಾ ಬೇರೆ ಯಾವುದಾದರೂ ಪ್ಯಾರಾಸಿಟಮಾಲ್ ಸಾಕು, ಎಷ್ಟು ಹೊತ್ತಿಗೊಮ್ಮೆ ಎಂದು ಹೊರಡುವಾಗ ಕೇಳಿಕೊಳ್ಳಿ. ಬ್ರೂಫೆನ್, ಕಾಂಬಿಫ್ಲಾಮ್, ವೋವೆರಾನ್ ಮಾತ್ರ ಖಂಡಿತ ಕೊಡಬೇಡಿ. ಅವು ಪ್ಲೇಟ್ಲೆಟ್‌ನ ಕೆಲಸವನ್ನು ಇನ್ನೂ ತಗ್ಗಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಬರೀ "ನೋವಿಗೆ ಮಾತ್ರೆ" ಎಂದು ಕೇಳಿದರೆ ಇವೇ ಕೈಗೆ ಬರುತ್ತವೆ, ಹೆಸರು ಹೇಳಿ ತೆಗೆದುಕೊಳ್ಳಿ.

ಪಟ್ಟಿ ರಕ್ತದಲ್ಲಿ ತೋಯ್ದರೆ ಅಂಗೈಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಆದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ನೋವು ದಿನ ಕಳೆದಂತೆ ಇಳಿಯಬೇಕು. ಏರುತ್ತಿದ್ದರೆ, ಗಾಯದ ಸುತ್ತ ಊದಿ ನೀಲಿಗಟ್ಟುತ್ತಿದ್ದರೆ, ತೊಡೆಸಂದಿಗೆ ನೋವು ಹಬ್ಬಿದರೆ, ಕಾಲಿನಲ್ಲಿ ಬಲ ಕಡಿಮೆಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಜ್ವರ 100.4 ದಾಟಿದರೂ ಅಷ್ಟೇ. ಬಿಳಿ ಕಣ ಕಡಿಮೆ ಇರುವವರಿಗೆ ಜ್ವರ ಬಂದರೆ, ಗಾಯಕ್ಕೆ ಸಂಬಂಧ ಇರಲಿ ಬಿಡಲಿ, ಅದು ತುರ್ತು.

ಖರ್ಚು ಆಸ್ಪತ್ರೆಯಿಂದ ಆಸ್ಪತ್ರೆಗೆ ತುಂಬಾ ಬೇರೆ. ಸೂಜಿ ಹಾಕುವುದಕ್ಕಿಂತ ಮಾದರಿಯ ಮೇಲೆ ಮಾಡುವ ಫ್ಲೋ, ಕ್ರೋಮೋಸೋಮ್, ಜೀನ್ ಪರೀಕ್ಷೆಗಳಿಗೇ ಜಾಸ್ತಿ ಹಣ. ಯಾವುದು ಈಗಲೇ ಬೇಕು, ಯಾವುದು ಮೊದಲ ರಿಪೋರ್ಟ್ ನೋಡಿ ಮಾಡಬಹುದು ಎಂದು ಬಾಯಿಬಿಟ್ಟು ಕೇಳಿ. ಕೈಯಲ್ಲಿ ಹಣ ಕಷ್ಟ ಎಂದಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಡಾ. ಎಂ.ಎಚ್. ಮರೀಗೌಡ ರಸ್ತೆಯ ಆ ಸರ್ಕಾರಿ ಸಂಸ್ಥೆಯಲ್ಲಿ ಈ ಪರೀಕ್ಷೆ ನಡೆಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಇಟ್ಟುಕೊಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ವಿಚಾರಿಸಿ. ಖಾಸಗಿ ಇನ್ಶೂರೆನ್ಸ್ ಇದ್ದರೆ, ಅಡ್ಮಿಟ್ ಆಗದೆ ಮಾಡಿಸುವ ಪರೀಕ್ಷೆಗೆ ದುಡ್ಡು ಕೊಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ರಿಪೋರ್ಟ್ ಒಂದೇ ಸಲ ಬರುವುದಿಲ್ಲ. ಸ್ಲೈಡ್‌ನದು ಒಂದೆರಡು ದಿನದಲ್ಲಿ ಬರುತ್ತದೆ. ಮೂಳೆಯ ಎಳೆಗೆ ಐದರಿಂದ ಏಳು ದಿನ ಬೇಕು, ಯಾಕೆಂದರೆ ಅದರ ಸುಣ್ಣದ ಅಂಶವನ್ನು ಔಷಧಿಯಲ್ಲಿ ಕರಗಿಸದೆ ತೆಳುವಾಗಿ ಕತ್ತರಿಸಲು ಆಗುವುದಿಲ್ಲ. ಫ್ಲೋ ಎರಡರಿಂದ ನಾಲ್ಕು ದಿನ. ಕ್ರೋಮೋಸೋಮ್, ಜೀನ್ ಪರೀಕ್ಷೆಗಳಿಗೆ ಎರಡು ಮೂರು ವಾರವೂ ಆಗಬಹುದು. ತಡವಾದರೆ ಕೆಟ್ಟ ಸುದ್ದಿ ಎಂದೇನಲ್ಲ.

ಮೊಬೈಲಿಗೆ ಪಿಡಿಎಫ್ ಬಂದ ಕೂಡಲೇ ಗೂಗಲ್‌ನಲ್ಲಿ ಒಂದೊಂದೇ ಪದ ಹುಡುಕುವ ಆಸೆ ಎಲ್ಲರಿಗೂ ಆಗುತ್ತದೆ. ಎರಡು ಮಾತು ತಿಳಿದಿರಲಿ. ಸೆಲ್ಯುಲಾರಿಟಿ, ಅಂದರೆ ಮಜ್ಜೆಯಲ್ಲಿ ಕಣಗಳು ತುಂಬಿರುವ ಪ್ರಮಾಣ, ಶೇ. 35 ಅಥವಾ 40 ಎಂದಿದ್ದರೆ, ಅರ್ಧಕ್ಕಿಂತ ಕಡಿಮೆ ಎಂದು ಗಾಬರಿ ಬೀಳಬೇಡಿ. 100ರಲ್ಲಿ ವಯಸ್ಸು ಕಳೆದರೆ ಎಷ್ಟು ಬರುತ್ತದೋ ಸುಮಾರಾಗಿ ಅಷ್ಟಿರಬೇಕು. 64 ವರ್ಷದವರಿಗೆ ಅದು ಸರಿಯಾದ ಅಂಕಿಯೇ. ಇನ್ನೊಂದು ಬ್ಲಾಸ್ಟ್ ಎಂಬ ಪದ. ಅವು ಎಳೆಯ ಕಣಗಳು, ಆರೋಗ್ಯವಂತರ ಮಜ್ಜೆಯಲ್ಲೂ ಶೇ. 5ಕ್ಕಿಂತ ಕಡಿಮೆ ಇರುತ್ತವೆ. ಆ ಪದ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಉಳಿದದ್ದನ್ನು ಡಾಕ್ಟರ ಎದುರು ಕೂತೇ ಓದಿಸಿಕೊಳ್ಳಿ.

ಆ ದಿನ ಅಪ್ಪನನ್ನು ಹೊರಗೆ ಕೂರಿಸಿ ನೀವಿಬ್ಬರೇ ಒಳಗೆ ಹೋಗಬೇಡಿ. ಎಷ್ಟು ತಿಳಿಯಬೇಕು ಎಂದು ಅವರನ್ನೇ ಮುಂಚೆ ಕೇಳಿ. "ನೀವೇ ಕೇಳ್ಕೊಂಡು ಬನ್ನಿ" ಎಂದರೆ ಅದು ಅವರ ಇಷ್ಟ. ಕೇಳದೆಯೇ ನೀವು ತೀರ್ಮಾನಿಸುವುದು ಬೇರೆ ಮಾತು. ಇನ್ನು ಯಾವ ರಿಪೋರ್ಟ್ ಬರಬೇಕಿದೆ, ಅದು ಬಂದರೆ ಚಿಕಿತ್ಸೆ ಬದಲಾಗುತ್ತದಾ, ಅಲ್ಲಿಯವರೆಗೆ ರಕ್ತ ಹಾಕಿಸಬೇಕಾ ಎಂದು ಕೇಳಿಕೊಂಡು ಬನ್ನಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕೆನಿಸಿದರೆ ಮತ್ತೆ ಸೂಜಿ ಹಾಕಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾಬಿಗೆ ಅರ್ಜಿ ಬರೆದುಕೊಟ್ಟರೆ ಸ್ಲೈಡ್‌ಗಳನ್ನೂ, ಮೂಳೆಯ ಎಳೆ ಕೂರಿಸಿದ ಮೇಣದ ಬ್ಲಾಕನ್ನೂ ಕೊಡುತ್ತಾರೆ. ಅವನ್ನು ಬೇರೆ ಆಸ್ಪತ್ರೆಗೆ ಒಯ್ದು ತೋರಿಸಬಹುದು. ಸ್ಲೈಡ್ ಗಾಜಿನದು, ಬ್ಯಾಗಿನಲ್ಲಿ ಸುಮ್ನೆ ಹಾಕಿಕೊಂಡರೆ ಒಡೆಯುತ್ತದೆ. ಪ್ಲಾಸ್ಟಿಕ್ ಡಬ್ಬಿ ಕೇಳಿ ತೆಗೆದುಕೊಳ್ಳಿ. ಬ್ಲಾಕನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಮೇಣ ಕರಗುತ್ತದೆ.